ಸೋಲಾರ ಪ್ಲೇಟು ಕೂಡಿಸುವಾಗ ವಹಿಸಬೇಕಾದ ಎಚ್ಚರಿಕೆ

1903ರ ಸುಮಾರಿಗೆ ಲಕ್ಷ್ಮಣರಾವ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಕಬ್ಬಿಣದ ನೇಗಿಲನ್ನು ತಯಾರಿಸಿದಾಗ ನಮ್ಮ ಒಕ್ಕಲಿಗರು ಅದನ್ನು ಮುಟ್ಟಲು ಅಂಜಿದರು. ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುವದೆಂದು ಅವರ ನಂಬಿಕೆ. ಮುಂದೆ 1910ರಲ್ಲಿ ಆ ಕಾರಖಾನೆಯು ಈಗಿನ ಸಾಂಗಲಿ ಜಿಲ್ಲೆಯ ಬಯಲಿಗೆ ಬಂದು ಕಿರ್ಲೋಸ್ಕರವಾಡಿ ಹುಟ್ಟಿತು. ನೇಗಿಲು ಹೊಲದಿಂದ ಹೊಲಕ್ಕೆ ಹಬ್ಬಿತು, ಭೂಮಿಗೆ ಯಾವ ವಿಷವೂ ಏರಲಿಲ್ಲ.

ಸೋಲಾರ ಪ್ಲೇಟಿನ ಮಾತು ಇದಕ್ಕೆ ತೀರ ವಿರುದ್ಧವಾಗಿದೆ. ಸಪ್ಪಳವಿಲ್ಲ, ಹೊಗೆಯಿಲ್ಲ, ತಿರುಗುವ ಗಾಲಿಯಿಲ್ಲ. ಗಾಜು ಹಾಕಿದ ಕಿಟಕಿಯ ಬಾಗಿಲಿನಂತೆ ಸುಮ್ಮನೆ ಬಿಸಿಲಿಗೆ ಮಲಗಿರುತ್ತದೆ. ಅದರ ಮೇಲೆ ಅರಿವೆ ಒಣಹಾಕುವರು, ಅದರ ನೆರಳಿಗೆ ಕರು ಕಟ್ಟುವರು, ಹುಡುಗರು ಕೆಳಗೆ ನುಸುಳಿ ಆಡುವರು. ಅಂದು ಅಂಜಬೇಕಾಗಿಲ್ಲದ ವಸ್ತುವಿಗೆ ಅಂಜಿದೆವು. ಇಂದು ಅಂಜಬೇಕಾದ ವಸ್ತುವಿಗೆ ಅಂಜುತ್ತಿಲ್ಲ. ಆದುದರಿಂದಲೇ ಈ ಲೇಖನವನ್ನು ಬರೆಯುತ್ತಿದ್ದೇವೆ.

ಜತ್ತ, ಕವಠೆ ಮಹಾಂಕಾಳ, ಮಿರಜ ತಾಲೂಕುಗಳ ನಮ್ಮ ಕನ್ನಡಿಗ ಒಕ್ಕಲಿಗರಿಗೆ ಈ ಪ್ಲೇಟು ದೊಡ್ಡ ಉಪಕಾರವನ್ನೇ ಮಾಡಿದೆ. ರಾತ್ರಿ ಪಾಳಿಯ ಕರೆಂಟಿಗೆ ಕಾದು, ಹಾವು ಚೇಳಿನ ಭಯದಲ್ಲಿ ಕತ್ತಲೆಯಲ್ಲಿ ನೀರು ಹಾಯಿಸುವ ಕಷ್ಟ ಎಂಥದೆಂಬುದನ್ನು ನಾವು ಬಲ್ಲೆವು. ಕೇಂದ್ರ ಸರಕಾರದ ಕುಸುಮ ಯೋಜನೆ 2019ರಲ್ಲಿ ಬಂದಿತು. ಮಹಾರಾಷ್ಟ್ರ ಸರಕಾರದ ‘ಮಾಗೇಲ ತ್ಯಾಲಾ ಸೌರ ಕೃಷಿ ಪಂಪ’, ಅಂದರೆ ಬೇಡಿದವರಿಗೆ ಸೌರ ಪಂಪು, ಎಂಬ ಯೋಜನೆ 2024ರಲ್ಲಿ ಬಂದಿತು. ಇದರಲ್ಲಿ ಸಾಮಾನ್ಯ ವರ್ಗದ ಒಕ್ಕಲಿಗನು ಬೆಲೆಯ ಶೇಕಡಾ 10ರಷ್ಟು, ಪರಿಶಿಷ್ಟ ಜಾತಿ ಮತ್ತು ಪಂಗಡದವನು ಶೇಕಡಾ 5ರಷ್ಟು ಕೊಟ್ಟರೆ ಸಾಕು. ಎರಡೂವರೆ ಎಕರೆಯ ವರೆಗೆ 3 ಅಶ್ವಶಕ್ತಿಯ, ಐದು ಎಕರೆಯ ವರೆಗೆ 5 ಅಶ್ವಶಕ್ತಿಯ, ಅದರ ಮೇಲ್ಪಟ್ಟು ಏಳೂವರೆ ಅಶ್ವಶಕ್ತಿಯ ಪಂಪು ದೊರೆಯುವದು. ಪಂಪು ಬಂದಿತು; ಇನ್ನು ಅದರೊಡನೆ ಬಾಳುವ ರೀತಿಯನ್ನು ಕಲಿಯಬೇಕು.

ಬಿಸಿಲಿರುವ ತನಕ ಆರದ ಕರೆಂಟು

ಮೊದಲು ಒಂದು ಮಾತನ್ನು ಮನಸ್ಸಿನಲ್ಲಿ ಗಟ್ಟಿಯಾಗಿ ಊರಿಕೊಳ್ಳಬೇಕು. ಕಂಬದಿಂದ ಬರುವ ಕರೆಂಟನ್ನು ಮೇನ್ ಸ್ವಿಚ್ಚು ತೆಗೆದು ನಿಲ್ಲಿಸಬಹುದು. ಪ್ಲೇಟಿನ ಕರೆಂಟನ್ನು ಹಾಗೆ ನಿಲ್ಲಿಸಲಾಗದು. ಪ್ಲೇಟಿನೊಳಗಿನ ಸಿಲಿಕಾನ ಬಿಲ್ಲೆಗಳ ಮೇಲೆ ಬೆಳಕು ಬಿದ್ದ ಕ್ಷಣವೇ ಅವುಗಳಲ್ಲಿ ವಿದ್ಯುತ್ ಒತ್ತಡ ಏಳುವದು. ಬೆಳಕು ಹೋಗುವ ತನಕ ಅದು ಇದ್ದೇ ಇರುವದು. ಮೋಡವಿದ್ದರೂ ಇರುವದು, ಹೊತ್ತು ಮೂಡಿದೊಡನೆ ಇರುವದು. ಸ್ವಿಚ್ಚು ತೆಗೆದರೆ ಸ್ವಿಚ್ಚಿನಿಂದ ಪಂಪಿನ ವರೆಗಿನ ತಂತಿ ಮಾತ್ರ ತಣ್ಣಗಾಗುತ್ತದೆ. ಪ್ಲೇಟಿನಿಂದ ಸ್ವಿಚ್ಚಿನ ವರೆಗಿನ ತಂತಿ ಜೀವಂತವಾಗಿಯೇ ಉಳಿಯುತ್ತದೆ.

ಈ ಒತ್ತಡ ಎಷ್ಟು? 330 ವಾಟಿನ ಒಂದು ಪ್ಲೇಟು ಸುಮಾರು 46 ವೋಲ್ಟು ಕೊಡುವದು. ಒಂದೇ ಪ್ಲೇಟಿನಿಂದ ಭಯ ಕಡಿಮೆ. ಆದರೆ 3 ಅಶ್ವಶಕ್ತಿಯ ಪಂಪಿಗೆ ಸುಮಾರು 3000 ವಾಟು, ಎಂದರೆ ಇಂಥ ಒಂಬತ್ತು ಪ್ಲೇಟು ಬೇಕು. ಎತ್ತಿನ ಹಿಂದೆ ಎತ್ತು ಹೂಡಿದಂತೆ ಅವುಗಳನ್ನು ಒಂದರ ಹಿಂದೊಂದು ಜೋಡಿಸಿದಾಗ ಒತ್ತಡವು 400 ವೋಲ್ಟನ್ನು ದಾಟುವದು. ಮನೆಯ ದೀಪದ ತಂತಿಯಲ್ಲಿರುವದು 230 ವೋಲ್ಟು ಮಾತ್ರ. ಈ ಜಾತಿಯ ಕರೆಂಟು 120 ವೋಲ್ಟು ದಾಟಿದರೆ ಅಪಾಯಕಾರಿಯೆಂದು ತಜ್ಞರು ಎಣಿಸುತ್ತಾರೆ. ಮೂರನೆಯ ಪ್ಲೇಟು ಜೋಡಿಸಿದಾಗಲೇ ನಾವು ಆ ಗೆರೆಯನ್ನು ದಾಟಿರುತ್ತೇವೆ.

ಇನ್ನೊಂದು ಭೇದವಿದೆ. ಕಂಬದ ಕರೆಂಟು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಹೊಯ್ದಾಡುವದು. ಆದ್ದರಿಂದ ಸೆಕೆಂಡಿಗೆ 100 ಸಲ ಅದರ ಬಲ ಸೊನ್ನೆಗೆ ಇಳಿಯುವದು. ತಂತಿ ಬಿಚ್ಚಿದಾಗ ಹಾರುವ ಕಿಡಿ ಆ ಬಿಡುವಿನಲ್ಲಿ ಆರುತ್ತದೆ. ಪ್ಲೇಟಿನ ಡಿ.ಸಿ. ಕರೆಂಟು ಒಂದೇ ದಿಕ್ಕಿಗೆ ಹರಿಯುವಂಥದು, ಅದಕ್ಕೆ ಬಿಡುವೇ ಇಲ್ಲ. ಕಿಡಿ ಒಮ್ಮೆ ಹತ್ತಿದರೆ ಉದ್ದನೆಯ ನೀಲಿ ಜ್ವಾಲೆಯಾಗಿ ಉರಿಯುತ್ತಲೇ ಇರುವದು.

ಜತ್ತ ಕಡೆಯ ಒಂದು ಹೊಲದಲ್ಲಿ ನಾವು ಕಂಡದ್ದನ್ನು ಹೇಳುವೆವು. ಇಲಿ ಕಡಿದ ತಂತಿಯನ್ನು ರಿಪೇರಿ ಮಾಡಲು ಆ ಒಕ್ಕಲಿಗನು ಚಾಕು ಹಿಡಿದು ಕುಳಿತಿದ್ದ. “ತಮ್ಮಾ, ಬ್ಯಾಡ” ಎಂದೆವು. “ಮೋಟರ ಬಂದ್ ಮಾಡೇನ್ರಿ, ಇನ್ನೆಲ್ಲಿ ಕರೆಂಟ್ರಿ?” ಎಂದು ಆತ ನಕ್ಕ. ಮಾತು ಮುಗಿಯುವದರೊಳಗೆ ಎರಡು ತಂತಿಗಳ ತಾಮ್ರ ಒಂದಕ್ಕೊಂದು ತಾಗಿತು. ಬೆಂಕಿ ಚಾಟಿಯಂತೆ ಹೊರಟಿತು. ಪುಣ್ಯಕ್ಕೆ ಜೀವ ಉಳಿಯಿತು. ಬಲಗೈ ಅಂಗೈ ಸುಟ್ಟು ಹದಿನೈದು ದಿವಸ ಹಗ್ಗ ಹಿಡಿಯಲಾಗಲಿಲ್ಲ. ಆತನು ಮೂರ್ಖನಲ್ಲ, ಇಪ್ಪತ್ತು ವರ್ಷ ಮೋಟರು ನಡೆಸಿದವನು. ಕಂಬದ ಕರೆಂಟಿನ ಪಾಠವನ್ನು ಪ್ಲೇಟಿನ ಕರೆಂಟಿಗೆ ಹಚ್ಚಿದ್ದೇ ಆತನ ತಪ್ಪು.

ಒಯ್ಯುವದು ಮತ್ತು ಇಳಿಸುವದು

ಪ್ಲೇಟಿನ ಮೇಲಿನ ಗಾಜು ಗಟ್ಟಿಯಾದದ್ದು. ಆದರೆ ಅದರ ಕೆಳಗಿನ ಸಿಲಿಕಾನ ಬಿಲ್ಲೆಯು ಮಿಲಿಮೀಟರಿನ ಐದರಲ್ಲೊಂದು ಪಾಲಿಗಿಂತಲೂ ತೆಳು, ಹಪ್ಪಳದಷ್ಟು ಪೆಳಸು. ಗಾಜು ಬಾಗಿದರೆ ಬಿಲ್ಲೆ ಬಿರಿಯುವದು. ಆ ಬಿರುಕು ಕಣ್ಣಿಗೆ ಕಾಣಿಸದು. ಒಂದೆರಡು ವರ್ಷದ ಮೇಲೆ ಅದೇ ಜಾಗ ಕಾದು ಕಂದು ಕಲೆಯಾಗಿ, ನೀರು ಕಡಿಮೆ ಬೀಳತೊಡಗಿದಾಗ ಮಾತ್ರ ತಿಳಿಯುವದು.

ಒಂದು ಪ್ಲೇಟಿನ ತೂಕ 22 ಕಿಲೊದ ಸುಮಾರು. ಈಗಿನ 540 ವಾಟಿನ ದೊಡ್ಡ ಪ್ಲೇಟು 28 ಕಿಲೊದಷ್ಟು. ಇಬ್ಬರು ಎರಡು ಬದಿಗೆ ನಿಂತು ಅಲ್ಯುಮಿನಿಯಂ ಚೌಕಟ್ಟನ್ನು ಹಿಡಿದು ಒಯ್ಯಬೇಕು. ತಲೆಯ ಮೇಲೆ ಸಿಂಬೆ ಇಟ್ಟು ಹೊರಕೂಡದು. ನಡೆದ ಹೆಜ್ಜೆಗೊಮ್ಮೆ ನಡುವೆ ಬಾಗಿ ಬಿಲ್ಲೆಗಳು ಬಿರಿಯುತ್ತವೆ. ಬೆನ್ನಿಗಿರುವ ಕರಿಯ ಪೆಟ್ಟಿಗೆಯನ್ನಾಗಲಿ ತಂತಿಯನ್ನಾಗಲಿ ಹಿಡಿದು ಎತ್ತಕೂಡದು. ಗಾಳಿ ಬೀಸುತ್ತಿರುವಾಗ ಕೆಲಸ ಹಿಡಿಯಕೂಡದು. ಎರಡು ಚದರ ಮೀಟರಿನ ಪ್ಲೇಟು ಗಾಳಿಗೆ ಹಾಯಿಯಂತೆ ಆಗಿ ಹಿಡಿದವನನ್ನೇ ಕೆಡವುವದು. ಟ್ರ್ಯಾಕ್ಟರಿನಲ್ಲಿ ತರುವಾಗ ಕಂಪನಿಯ ಕಟ್ಟನ್ನು ಬಿಚ್ಚದೆ, ಅಂಚಿನ ಮೇಲೆ ನಿಲ್ಲಿಸಿ, ಅಲುಗದಂತೆ ಕಟ್ಟಿ ತರಬೇಕು. ಹೊಲದಲ್ಲಿ ಇಳಿಸಿದ ಮೇಲೆ ಕಲ್ಲಿನ ಮೇಲೆ ಮಲಗಿಸದೆ ಕಟ್ಟಿಗೆಯ ಪಟ್ಟಿಯ ಮೇಲೆ ಇಡಬೇಕು. ಕೂಡಿಸುವಾಗ ಕೈ ಎಟುಕಲಿಲ್ಲವೆಂದು ಪ್ಲೇಟಿನ ಮೇಲೆ ಮೊಣಕಾಲೂರುವ ಮಿಸ್ತ್ರಿಯನ್ನು ಅಲ್ಲಿಯೇ ತಡೆಯಿರಿ.

ಗಾಜು ಒಡೆದ ಪ್ಲೇಟು ಸತ್ತಿತೆಂದು ತಿಳಿಯಬಾರದು. ಅದು ಇನ್ನೂ ಕರೆಂಟು ಹುಟ್ಟಿಸುತ್ತಿರುವದು. ಬಿರುಕಿನೊಳಗೆ ನೀರು ಇಳಿದರೆ ಚೌಕಟ್ಟಿಗೂ ಕರೆಂಟು ಇಳಿಯುವದು. ಅದನ್ನು ಬರಿಗೈಯಿಂದ ಮುಟ್ಟದೆ ಕಂಪನಿಗೆ ತಿಳಿಸಬೇಕು.

ಸ್ಥಳ, ದಿಕ್ಕು, ಓರೆ

ಸಾಂಗಲಿ, ಮಿರಜ, ಜತ್ತಗಳು ಭೂಮಧ್ಯರೇಖೆಯಿಂದ ಸುಮಾರು 17 ಅಂಶ ಉತ್ತರಕ್ಕಿವೆ. ಆದುದರಿಂದ ಪ್ಲೇಟುಗಳು ದಕ್ಷಿಣಕ್ಕೆ ಮುಖ ಮಾಡಿ ಸುಮಾರು 17 ಅಂಶದ ಓರೆಯಲ್ಲಿರಬೇಕು. ಎರಡು ಮೀಟರು ಉದ್ದದ ಪ್ಲೇಟಿನ ಮೇಲಂಚು ಕೆಳಂಚಿಗಿಂತ 58 ಸೆಂಟಿಮೀಟರು ಎತ್ತರವಿದ್ದರೆ ಈ ಓರೆ ಸರಿಯಾಯಿತು. ದಿಕ್ಕು ನೋಡಲು ಒಂದು ನೆಟ್ಟನೆಯ ಕೋಲು ನೆಟ್ಟು ಅತಿ ಗಿಡ್ಡ ನೆರಳಿನ ಗೆರೆಯನ್ನು ಗುರುತಿಸಿರಿ; ಅದೇ ದಕ್ಷಿಣೋತ್ತರ ರೇಖೆ. ನಮ್ಮ ಕಡೆಗೆ ಸೂರ್ಯನು ನಡುನೆತ್ತಿಗೆ ಬರುವದು ಗಡಿಯಾರದ ಹನ್ನೆರಡಕ್ಕಲ್ಲ, ಹನ್ನೆರಡೂವರೆಯ ಆಸುಪಾಸಿನಲ್ಲಿ ಎಂಬುದನ್ನು ಲಕ್ಷ್ಯದಲ್ಲಿಡಬೇಕು.

ನೆರಳು ಪ್ಲೇಟಿನ ವೈರಿ. ಪ್ಲೇಟುಗಳು ಸಾಲಾಗಿ ಜೋಡಿಸಿದವಾದ್ದರಿಂದ ಒಂದರ ಮೇಲೆ ನೆರಳು ಬಿದ್ದರೆ ಇಡೀ ಸಾಲಿನ ಬಲ ಕುಗ್ಗುವದು. ಹಗೂರಾಗಿ ನಡೆಯುವ ಒಂದು ಎತ್ತು ಜೊತೆಯ ಎತ್ತನ್ನೂ ತಡೆದಂತೆ ಇದು. ದಕ್ಷಿಣದ ಬೇವಿನ ಗಿಡ ಅದರ ಎತ್ತರದ ಎರಡು ಪಟ್ಟು ದೂರದಲ್ಲಾದರೂ ಇರಲಿ. ಇಂದು ಮೊಣಕಾಲುದ್ದದ ಕಬ್ಬು ನಾಳೆ ಆಳೆತ್ತರವನ್ನೂ ಮೀರುವದೆಂಬುದನ್ನು ಮರೆಯದಿರಿ.

ಗಾಳಿಗೆ ನಿಲ್ಲುವ ಬುನಾದಿ

ಭರಣಿ, ಕೃತ್ತಿಕೆಯ ಹೊತ್ತಿಗೆ ಜತ್ತದ ಬಯಲಿನಲ್ಲಿ ಏಳುವ ಬಿರುಗಾಳಿ ಎಲ್ಲರಿಗೂ ಗೊತ್ತಿದ್ದದ್ದೇ. ಮನೆಯ ಪತ್ರಾಸುಗಳನ್ನು ಕಿತ್ತು ಎಸೆಯುವ ಗಾಳಿಯದು. ಗಾಳಿಯ ವೇಗ ಎರಡು ಪಟ್ಟಾದರೆ ಅದರ ಒತ್ತಡ ನಾಲ್ಕು ಪಟ್ಟಾಗುವದು. ಗಂಟೆಗೆ 150 ಕಿಲೊಮೀಟರಿನ ಗಾಳಿಯು ಒಂದು ಚದರ ಮೀಟರಿಗೆ ಸ್ಥೂಲವಾಗಿ 100 ಕಿಲೊದಷ್ಟು ಒತ್ತುವದು. ಒಂಬತ್ತು ಪ್ಲೇಟುಗಳ ಮೇಲೆ ಇದು ಒಂದೂಮುಕ್ಕಾಲು ಟನ್ನಿನ ಎಳೆತ. ಆ ಎಳೆತವನ್ನು ತಡೆಯತಕ್ಕವು ಬುನಾದಿ ಮತ್ತು ನಟ್ಟು ಬೋಲ್ಟು.

ಮೇಲೆ ಮಸಾರಿ ಮಣ್ಣು, ಒಂದಡಿಗೆ ಗರಸು ಹತ್ತಿತೆಂದು ಅಲ್ಲಿಯೇ ಗುಂಡಿ ತೋಡುವದನ್ನು ನಿಲ್ಲಿಸುವ ಪದ್ಧತಿ ನಮ್ಮಲ್ಲಿದೆ. ಇದು ಕೂಡದು. ಕಂಪನಿಯ ನಕ್ಷೆಯಲ್ಲಿ ಎಷ್ಟು ಆಳವೆಂದಿದೆಯೋ ಅಷ್ಟು ತೋಡಿಸಿ, ನೀವೇ ಅಳತೆಪಟ್ಟಿ ಹಿಡಿದು ನೋಡಿರಿ. ಎರೆ ಭೂಮಿಯವರು ಇನ್ನೂ ಹೆಚ್ಚು ಜೋಕೆ ವಹಿಸಬೇಕು. ಬೇಸಿಗೆಗೆ ಬಿರಿದು ಮಳೆಗೆ ಉಬ್ಬುವ ಎರೆಯು ಮೇಲುಮೇಲಿನ ಬುನಾದಿಯನ್ನು ಅಲುಗಿಸುವದು. ಕಾಂಕ್ರೀಟಿಗೆ ಏಳು ದಿವಸವಾದರೂ ನೀರುಣಿಸಿ, ಅದು ಗಟ್ಟಿಯಾದ ನಂತರವೇ ಪ್ಲೇಟು ಏರಿಸಬೇಕು. ಚೌಕಟ್ಟಿಗೆ ಹೊಸ ತೂತು ಕೊರೆಯಬಾರದು. ವರ್ಷಕ್ಕೊಮ್ಮೆ, ಯುಗಾದಿಯಾದ ಮೇಲೆ ಗಾಳಿ ಏಳುವ ಮೊದಲು, ಪಾನಾ ಹಿಡಿದು ಪ್ರತಿಯೊಂದು ಬೋಲ್ಟನ್ನು ಪರೀಕ್ಷಿಸತಕ್ಕದ್ದು.

ತಂತಿ ಮತ್ತು ಜೋಡಣೆ

ಜೋಡಣೆಯ ಕೆಲಸ ತರಬೇತಿ ಪಡೆದ ಮಿಸ್ತ್ರಿಯದು. ಸರಕಾರದ ಯೋಜನೆಯ ಪಂಪಿಗೆ ಐದು ವರ್ಷದ ಹೊಣೆ ಮತ್ತು ವಿಮೆ ಇವೆ. ನೀವೇ ಬಿಚ್ಚಿದರೆ ಆ ಹೊಣೆಯನ್ನು ಕಳೆದುಕೊಳ್ಳುವ ಸಂಭವವಿರುವದು. ಆದರೂ ಆತನು ಮಾಡುವದನ್ನು ನೀವು ನಿಂತು ನೋಡಬೇಕು, ನೋಡಿದ್ದನ್ನು ಅರಿಯಬೇಕು.

ಮೊದಲನೆಯದು, ಕ್ರಮ. ನಿಲ್ಲಿಸುವಾಗ ಮೊದಲು ಕಂಟ್ರೋಲರಿನಿಂದ ಪಂಪು ನಿಲ್ಲಿಸುವದು, ಬಳಿಕ ಡಿ.ಸಿ. ಸ್ವಿಚ್ಚು ತೆಗೆಯುವದು. ಪಂಪು ಓಡುತ್ತಿರುವಾಗ ಪ್ಲೇಟಿನ ಪ್ಲಗ್ಗನ್ನು ಎಂದೂ ಎಳೆಯಕೂಡದು. ಆ ಆರದ ಜ್ವಾಲೆ ಹುಟ್ಟುವದು ಇಲ್ಲಿಯೇ. ಮನೆಯ ಬಳಕೆಯ ಸ್ವಿಚ್ಚನ್ನು ಡಿ.ಸಿ.ಗೆ ಹಾಕಿದರೆ ಅದು ಒಳಗೊಳಗೆ ಸುಟ್ಟುಹೋಗುವದು, ಡಿ.ಸಿ.ಗೆಂದೇ ಮಾಡಿದ ಸ್ವಿಚ್ಚು ಬೇಕು.

ಎರಡನೆಯದು, ತಂತಿ. ಮನೆಯ ತಂತಿ ನಮ್ಮ ಬಿಸಿಲಿಗೆ ಕೆಲವೇ ವರ್ಷಗಳಲ್ಲಿ ಸಿಪ್ಪೆ ಬಿರಿಯುವದು. ಎರಡು ಪದರಿನ ಸೋಲಾರ ಕೇಬಲನ್ನೇ ಬಳಸಬೇಕು. ನೆಲದ ಮೇಲೆ ಬಿಟ್ಟ ತಂತಿಯನ್ನು ಕುಂಟೆ ಕಡಿಯುವದು, ಇಲಿ ಕಡಿಯುವದು. ಕಬ್ಬು ಕಡಿದ ಮೇಲೆ ರವದಿಗೆ ಹಚ್ಚಿದ ಬೆಂಕಿ ಸುಡುವದು. ಆದ್ದರಿಂದ ಕೊಳವೆಯೊಳಗೆ ಸೇರಿಸಿ ನೆಲದಲ್ಲಿ ಹೂಳಿಸಿರಿ. ಕಣಿಕೆಯ ಬಣವೆಯನ್ನು ಪ್ಲೇಟಿನ ಕೆಳಗೆ, ಪೆಟ್ಟಿಗೆಯ ಬದಿಗೆ ಒಟ್ಟಬೇಡಿರಿ.

ಮೂರನೆಯದು, ಪ್ಲಗ್ಗು. ಬೇರೆ ಬೇರೆ ಕಂಪನಿಯ ಗಂಡು ಹೆಣ್ಣು ಪ್ಲಗ್ಗುಗಳು ಒಂದರೊಳಗೊಂದು ಹೊಕ್ಕರೂ ಸರಿಯಾಗಿ ಕಚ್ಚುವದಿಲ್ಲ. ಸಡಿಲು ಜಾಗ ಕಾದು ಬೆಂಕಿ ಹತ್ತುವದು. ಹಲ್ಲಿನಿಂದ ಸಿಪ್ಪೆ ಸುಲಿದು ಕೈಯಿಂದ ತಿರುವಿ ಟೇಪು ಸುತ್ತುವ ಜೋಡಣೆ ಇಲ್ಲಿ ನಡೆಯದು.

ದುರಸ್ತಿಗೆ ತಕ್ಕ ಹೊತ್ತೆಂದರೆ ಹೊತ್ತು ಮುಳುಗಿದ ಮೇಲಿನದು. ಹಗಲಿಗೇ ಮಾಡಬೇಕಾದರೆ ದಪ್ಪನೆಯ ಕರಿಯ ತಾಡಪತ್ರಿಯನ್ನು ಎಲ್ಲ ಪ್ಲೇಟುಗಳ ಮೇಲೆ ಹೊದಿಸಿ, ಹಾರದಂತೆ ಕಟ್ಟಿ, ಒತ್ತಡ ಇಳಿದುದನ್ನು ಮೀಟರಿನಿಂದ ನೋಡಿ, ರಬ್ಬರಿನ ಕೈಚೀಲ ತೊಟ್ಟು ಮಿಸ್ತ್ರಿಯು ಮಾಡಬೇಕು.

ಅರ್ಥಿಂಗು

ಅರ್ಥಿಂಗನ್ನು ದಾಕ್ಷಿಣ್ಯಕ್ಕೆ ಬಿಡಬೇಡಿರಿ. ಎಲ್ಲ ಪ್ಲೇಟುಗಳ ಚೌಕಟ್ಟು, ಕಬ್ಬಿಣದ ಸ್ಟ್ಯಾಂಡು, ಕಂಟ್ರೋಲರು ಇವೆಲ್ಲ ಭೂಮಿಗೆ ಜೋಡಿಸಿರಬೇಕು. ಬಣ್ಣದ ಮೇಲೆ ತಂತಿ ಬಿಗಿದರೆ ಸಂಬಂಧವಾಗದು. ಬಯಲಿನಲ್ಲಿ ಸಿಡಿಲಿನ ಭಯ ಹೆಚ್ಚು. ಸಿಡಿಲು ತಡೆಯುವ ಸಲಾಕೆಯೂ ಅದರ ಗುಂಡಿಯೂ ಇವೆಯೋ ಇಲ್ಲವೋ ನೋಡಿಕೊಳ್ಳಿರಿ. ಜತ್ತದ ಗರಸು ನೆಲ ಬೇಸಿಗೆಯಲ್ಲಿ ಸಂಪೂರ್ಣ ಒಣಗುವದು, ಒಣ ನೆಲ ಕರೆಂಟನ್ನು ಎಳೆದುಕೊಳ್ಳದು. ಅರ್ಥಿಂಗ ಗುಂಡಿಗೆ ಆಗಾಗ ಒಂದೆರಡು ಕೊಡ ನೀರು ಹಾಕುತ್ತಿರಬೇಕು. ಗುಡುಗು ಸಿಡಿಲಿನ ಹೊತ್ತಿನಲ್ಲಿ ಪ್ಲೇಟಿನ ಕೆಳಗೆ ಆಸರೆ ಪಡೆಯಕೂಡದು.

ಮನೆಯ ಮೇಲೆ ಕೂಡಿಸುವವರಿಗೆ

2024ರಲ್ಲಿ ಬಂದ ಪ್ರಧಾನಮಂತ್ರಿ ಸೂರ್ಯಘರ ಯೋಜನೆಯಿಂದ ಸಾಂಗಲಿ ಮಿರಜಗಳ ಮನೆಗಳ ಮೇಲೂ ಪ್ಲೇಟು ಏರುತ್ತಿವೆ. ಇಲ್ಲಿ ಕರೆಂಟಿನಷ್ಟೇ ಭಯ ಬೀಳುವದರದು. ಸಿಮೆಂಟಿನ ಶೀಟು ಮನುಷ್ಯನ ಕಾಲಿಗೆ ಮುರಿಯುವದು. ಅದರ ಮೇಲೆ ಹಲಿಗೆ ಹಾಸದೆ, ನಡುವಿಗೆ ಬೆಲ್ಟು ಕಟ್ಟದೆ ಯಾರೂ ಹತ್ತಬಾರದು. ಹಳೆಯ ಮಣ್ಣಿನ ಮಾಳಿಗೆಯ ತೊಲೆ ಜಂತಿಗಳನ್ನು ಬಡಿಗನಿಗೆ ತೋರಿಸದೆ ಭಾರ ಹೇರಬಾರದು.

ಕಂಬದ ಕರೆಂಟು ಹೋದಾಗ ಮನೆಯ ಸೋಲಾರವೂ ತಾನಾಗಿ ನಿಲ್ಲುವದನ್ನು ಕಂಡು ಕೆಲವರು ಬೇಸರಪಡುವರು. ಅದು ದೋಷವಲ್ಲ. ಆ ಹೊತ್ತಿಗೆ ಕಂಬ ಹತ್ತಿದ ವಾಯರಮನ್ನನ ಕೈಗೆ ನಿಮ್ಮ ಮನೆಯ ಕರೆಂಟು ಹೋಗಿ ಮುಟ್ಟದಿರಲೆಂದು ಮಾಡಿದ ಏರ್ಪಾಡು. ಅದನ್ನು ತಪ್ಪಿಸಿ ಕಳ್ಳತಂತಿ ಎಳೆಯುವವನು ಯಾರದೋ ಮನೆಯ ದೀಪವನ್ನು ಆರಿಸಿಯಾನು.

ಹೊಳೆಯ ದಂಡೆಯವರಿಗೆ

2005, 2019 ಮತ್ತು 2021ರ ಮಹಾಪೂರಗಳನ್ನು ಕೃಷ್ಣೆ ವಾರಣೆಯರ ದಂಡೆಯವರು ಮರೆತಿಲ್ಲ. 2019ರಲ್ಲಿ ಸಾಂಗಲಿಯ ಆಯರ್ವಿನ್ ಸೇತುವೆಯ ಹತ್ತಿರ ನೀರು 57 ಅಡಿಗೆ ಏರಿತ್ತು; ಅಲ್ಲಿ ಅಪಾಯದ ಗುರುತು ಇರುವದು 45 ಅಡಿಗೆ. ಈ ಭಾಗದವರು 2019ರ ನೀರಿನ ಗುರುತನ್ನು ನೋಡಿ, ಕಂಟ್ರೋಲರ ಪೆಟ್ಟಿಗೆಯನ್ನು ಅದರ ಮೇಲೆ ಕೂಡಿಸಿರಿ. ಅದು ಸಾಧ್ಯವಿಲ್ಲದ ತಗ್ಗಿನ ಹೊಲದಲ್ಲಿ, ಪೂರದ ಮುನ್ಸೂಚನೆ ಬಂದೊಡನೆ, ನೀರು ಹೊಲಕ್ಕೆ ನುಗ್ಗುವ ಮೊದಲೇ, ಸ್ವಿಚ್ಚು ತೆಗೆದು ದೂರ ಸರಿಯಿರಿ. ಅರ್ಧ ಮುಳುಗಿದ ಪ್ಲೇಟು ಕೂಡ ಬಿಸಿಲಿಗೆ ಕರೆಂಟು ಹುಟ್ಟಿಸುವದು. ನೀರು ಇಳಿದ ಮೇಲೆ ಎಷ್ಟೇ ಅವಸರವಿದ್ದರೂ ಮಿಸ್ತ್ರಿ ಬಂದು ಪರೀಕ್ಷಿಸುವ ತನಕ ಸ್ಟ್ಯಾಂಡನ್ನೂ ಪೆಟ್ಟಿಗೆಯನ್ನೂ ಮುಟ್ಟಬೇಡಿರಿ.

ತೊಳೆಯುವದು

ಧೂಳು, ಹಕ್ಕಿಯ ಹಿಕ್ಕೆ ಇವು ಸಾಮಾನ್ಯ. ದ್ರಾಕ್ಷಿಯ ತೋಟದವರಿಗೆ ಇನ್ನೊಂದು ಉಪದ್ರವ: ಗಂಧಕದ ಪುಡಿ, ಮೈಲುತುತ್ತೆ ಸುಣ್ಣದ ಬೋರ್ಡೊ ದ್ರಾವಣ ಗಾಳಿಗೆ ಹಾರಿ ಬಂದು ಗಾಜಿಗೆ ಅಂಟುವವು. ಒಣಗುವ ಮುನ್ನ ಒರೆಸಿದರೆ ಸುಲಭವಾಗಿ ಹೋಗುವದು. ತೊಳೆಯುವದು ಬೆಳಗಿನ ತಂಪು ಹೊತ್ತಿನಲ್ಲಿ, ಪಂಪು ನಿಲ್ಲಿಸಿ, ಸ್ವಿಚ್ಚು ತೆಗೆದು, ಉದ್ದ ಕೋಲಿಗೆ ಕಟ್ಟಿದ ಮೆತ್ತನ್ನ ಅರಿವೆಯಿಂದ. ನಡುಮಧ್ಯಾಹ್ನ ಕಾದ ಗಾಜಿಗೆ ಬಾವಿಯ ತಣ್ಣೀರು ಸುರಿದರೆ ಗಾಜು ಸಿಡಿದೀತು. ಬೋರಿನ ಸವಳು ನೀರು ಒಣಗಿ ಬಿಳಿಯ ಕಲೆ ಬಿಡುವದು, ತೊಳೆದೊಡನೆ ಒರೆಸಬೇಕು. ಬೂದಿ, ತೆಂಗಿನ ನಾರು, ಉಸುಕು ಹಾಕಿ ತಿಕ್ಕಕೂಡದು. ಬಿರುಕು ಬಿಟ್ಟ ಪ್ಲೇಟಿಗೆ ನೀರೇ ಕೂಡದು.

ಅಪಘಾತವಾದರೆ

ಕರೆಂಟು ಹಿಡಿದವನನ್ನು ಕೈಯಿಂದ ಎಳೆಯಬೇಡಿರಿ. ಒಬ್ಬರ ಬದಲು ಇಬ್ಬರನ್ನು ಕಳೆದುಕೊಳ್ಳುವಿರಿ. ಸ್ವಿಚ್ಚು ತೆಗೆಯಿರಿ, ಆದರೆ ಅಷ್ಟರಿಂದ ಪ್ಲೇಟಿನ ಕಡೆಯ ತಂತಿ ಸಾಯದೆಂಬುದು ನೆನಪಿರಲಿ. ಒಣ ಹಲಿಗೆಯ ಮೇಲೆ ನಿಂತು ಒಣ ಬಿದಿರಿನಿಂದ ಆತನನ್ನು ತಂತಿಯಿಂದ ಬೇರ್ಪಡಿಸಿರಿ. ಕೂಡಲೆ 108ಕ್ಕೆ ಇಲ್ಲವೆ 112ಕ್ಕೆ ಫೋನು ಮಾಡಿಸಿರಿ. ಉಸಿರು ನಿಂತಿದ್ದರೆ ಅಂಗಾತ ಮಲಗಿಸಿ, ಎದೆಯ ನಡುವೆ ಎರಡೂ ಅಂಗೈಯೂರಿ, ನಿಮಿಷಕ್ಕೆ 100ರಿಂದ 120 ಸಲ, ಎರಡು ಅಂಗುಲ ತಗ್ಗುವಂತೆ ಒತ್ತುತ್ತಿರಿ; ಗಾಡಿ ಬರುವ ತನಕ ಬಿಡಬೇಡಿರಿ. ಎಚ್ಚರ ಬಂದು ಎದ್ದು ಕುಳಿತರೂ ದವಾಖಾನೆಗೆ ಒಯ್ಯಲೇಬೇಕು. ಬೆಂಕಿ ಹತ್ತಿದರೆ ನೀರು ಎರಚದೆ ಒಣ ಮಣ್ಣು ತೂರಿರಿ. ಬೆಂಕಿ ಆರಿಸುವವರಿಗೆ ‘ಇದು ಸೋಲಾರ’ ಎಂದು ಮೊದಲೇ ಹೇಳಿರಿ.

ಇಷ್ಟನ್ನು ಓದಿ ಯಾರೂ ಪ್ಲೇಟಿಗೆ ಹೆದರಿ ಕೂಡ್ರಬಾರದು. ಸರಿಯಾಗಿ ಕೂಡಿಸಿದ ಪ್ಲೇಟು ಇಪ್ಪತ್ತು ಇಪ್ಪತ್ತೈದು ವರ್ಷ ಮೇವು ಬೇಡದೆ ದುಡಿಯುವ ಎತ್ತು. ಆದರೆ ಒಳ್ಳೆಯ ಎತ್ತಿಗೂ ಮೂಗುದಾರವಿಲ್ಲದೆ ಯಾರೂ ಹತ್ತಿರ ಹೋಗುವದಿಲ್ಲ. ಮನೆಯ ಹಿರಿಯರು ಓದುಬಲ್ಲ ಮಕ್ಕಳಿಂದ ಕಂಟ್ರೋಲರ ಪೆಟ್ಟಿಗೆಯ ಬಾಗಿಲಿನ ಮೇಲೆ ದೊಡ್ಡ ಅಕ್ಷರಗಳಲ್ಲಿ ಒಂದು ಸಾಲು ಬರೆಯಿಸಲಿ: ‘ಸ್ವಿಚ್ಚು ತೆಗೆದರೂ ಬಿಸಿಲಿರುವ ತನಕ ಕರೆಂಟು ಇದೆ.’ ಕನ್ನಡದಲ್ಲಿಯೂ ಬರೆಯಿಸಲಿ, ಮರಾಠಿಯಲ್ಲಿಯೂ ಬರೆಯಿಸಲಿ. ನಮ್ಮ ಹೊಲಕ್ಕೆ ಕೂಲಿಗೆ ಬರುವವರು ಎರಡೂ ಭಾಷೆಯವರು.